ಫೇಲಾದ ಬಾವಿಯ ಲೆಕ್ಕ

(ಹಾಸನದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರವಾದರೂ ಒಂದು ರೂಪಾಯಿ ನೋಟು ಇದೆಯಾ? ನಾಣ್ಯ ಅಲ್ಲ, ನೋಟು. ಮದುವೆ ಮುಯ್ಯಿಗೆ ನೂರರ ಜೊತೆ ಕವರಿನಲ್ಲಿ ಇಡುತ್ತೇವಲ್ಲ, ಅದು.

(ಎರಡನೇ ಸಾಲಿನಲ್ಲಿ ಕೂತಿದ್ದ ಅಮ್ಮ ಒಬ್ಬರು ಪರ್ಸಿನಿಂದ ತೆಗೆದು ಕೊಟ್ಟರು. ಅವರಿಗೆ ಅದನ್ನು ವಾಪಸ್ ಕೊಟ್ಟಿದ್ದೇನೆ.)

ಇದರ ಹಿಂಬದಿ ನೋಡಿ. ಕಡಲ ನಡುವೆ ಕಬ್ಬಿಣದ ಕಾಲೂರಿ ನಿಂತ ಅಟ್ಟಣಿಗೆ ಒಂದಿದೆ. ಅದರ ಹೆಸರು ಸಾಗರ್ ಸಾಮ್ರಾಟ್. 1974ರ ಫೆಬ್ರವರಿಯಲ್ಲಿ ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಲ್ಲಿ ಎಣ್ಣೆ ಮುಟ್ಟಿದ ರಿಗ್ಗು ಇದೇ. ಆ ಜಾಗವೇ ಬಾಂಬೆ ಹೈ. ಇಷ್ಟು ವರ್ಷ ಈ ನೋಟನ್ನು ಮುಯ್ಯಿ ಮಾಡಿದ್ದೇವೆ, ಹಿಂದೆ ತಿರುಗಿಸಿ ನೋಡಿದವರು ಕಮ್ಮಿ, ಅಲ್ವಾ?

ಗೆದ್ದ ಬಾವಿ ನೋಟಿನ ಮೇಲೆ ಬಂತು. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಏನೂ ಸಿಗದ ಬಾವಿಗಳ ಬಗ್ಗೆ.

ನನ್ನ ಪರಿಚಯ ಎರಡೇ ಮಾತು. ನಾನು ಅರಸೀಕೆರೆ ಕಡೆಯವನು. ಬಹಳ ವರ್ಷ ಎಣ್ಣೆ ಹುಡುಕುವ ರಿಗ್ಗುಗಳಲ್ಲಿ ಮಡ್ ಲಾಗರ್ ಆಗಿ, ಅಂದರೆ ಬಾವಿಯಿಂದ ಮೇಲೆ ಬರುವ ಕಲ್ಲಿನ ಚೂರು ನೋಡಿ ಬರೆದಿಡುವವನಾಗಿ, ದುಡಿದೆ. ‘ಎಣ್ಣೆ ಕೆಲಸ’ ಎಂದರೆ ಊರಲ್ಲಿ ಈಗಲೂ ನಗುತ್ತಾರೆ. ಯಾವ ಎಣ್ಣೆ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಎಣ್ಣೆ, ಅನಿಲ ಹುಡುಕುವ ದೇಶಗಳು ಪ್ರತಿ ವರ್ಷ ಒಂದು ಲೆಕ್ಕ ಹೊರಡಿಸುತ್ತವೆ. ಈ ವರ್ಷ ಇಷ್ಟು ಬಾವಿ ಕೊರೆದೆವು, ಇಷ್ಟರಲ್ಲಿ ಸಿಕ್ಕಿತು, ಇಷ್ಟು ಡ್ರೈ. ಈ ಲೆಕ್ಕವನ್ನು ತುಂಬ ಅಚ್ಚುಕಟ್ಟಾಗಿ ಇಡುವ ದೇಶ ನಾರ್ವೆ. ಅಲ್ಲಿನ ಸರ್ಕಾರಿ ಇಲಾಖೆ ಜನವರಿಯಲ್ಲಿ ಹಿಂದಿನ ವರ್ಷದ ಲೆಕ್ಕ ಮುಂದಿಡುತ್ತದೆ. 2019ರಲ್ಲಿ 57 ಹುಡುಕಾಟದ ಬಾವಿ, 17 ಕಡೆ ಎಣ್ಣೆಯೋ ಅನಿಲವೋ ಸಿಕ್ಕಿತು. 2023ರಲ್ಲಿ 34 ಬಾವಿ, 14 ಕಡೆ ಸಿಕ್ಕಿತು.

ಊರಲ್ಲಿ ನನ್ನ ಚಿಕ್ಕಪ್ಪನಿಗೆ ಈ ಅಂಕಿ ಹೇಳಿದೆ. ಅವರು ತಟ್ಟನೆ ಕೇಳಿದ್ದು, “ಅಷ್ಟು ದೊಡ್ಡ ದೊಡ್ಡ ಮಿಷನ್ ಇಟ್ಕೊಂಡೂ ಇಷ್ಟೇನಾ? ನಮ್ಮ ಪಾಯಿಂಟ್ ನೋಡೋ ಅಯ್ಯನೇ ವಾಸಿ ಕಣೋ.”

ಅವರ ಮಾತಿನಲ್ಲಿ ಅರ್ಥವಿದೆ. ಅರಸೀಕೆರೆ, ಕಡೂರು ಕಡೆಯವರಿಗೆ ನೆಲ ಕೊರೆಸಿ ಸೋಲುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಗೂಟ. ತಿರುಚೆಂಗೋಡಿನ ರಿಗ್ ಲಾರಿ ರಾತ್ರಿ ಹತ್ತಕ್ಕೆ ಬರುತ್ತದೆ. ಪೂಜೆ ಆಗುತ್ತದೆ, ನಿಂಬೆಹಣ್ಣು ಚಕ್ರದ ಕೆಳಗೆ ಹೋಗುತ್ತದೆ. ಆಮೇಲೆ ಬೆಳಗಿನ ತನಕ ಧೂಳು. ನಮ್ಮಪ್ಪ ಮೂರು ಬೋರ್ ಹಾಕಿಸಿದರು. ಮೊದಲನೆಯದರಲ್ಲಿ ಒಂದೂವರೆ ಇಂಚು ನೀರು ಬಂತು, ನಾಲ್ಕು ಬೇಸಿಗೆಗೆ ನಿಂತಿತು. ಎರಡನೆಯದು ಫೇಲ್. ಮೂರನೆಯದೂ ಫೇಲ್. ಮೂರನೆಯದನ್ನು ಹಾಕಿಸಿದ ಮೇಲೆ ಪಕ್ಕದ ತೋಟದವರು ನಿಧಾನವಾಗಿ ಹೇಳಿದರು: “ಅಲ್ಲೇ ಬೇಲಿ ಆಚೆ ನಮ್ದೂ ಒಂದು ಫೇಲ್ ಆಗಿತ್ತು ಮಾರಾಯ್ರೇ, ಕೇಳಿದ್ರೆ ಹೇಳ್ತಿದ್ದೆ.”

ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ, ಹೇಳಲಿಲ್ಲ. ಮೂರು ಬೋರಿಗೂ ಸೇರಿ ನಮ್ಮ ಮನೆಯಲ್ಲಿ ಉಳಿದಿರುವ ಕಾಗದ ಲಾರಿಯವರ ಬಿಲ್ಲು ಒಂದೇ. ಎಷ್ಟು ಅಡಿಗೆ ಎಷ್ಟು ರೂಪಾಯಿ ಅಂತ ಅದರಲ್ಲಿದೆ. ಎಷ್ಟು ಅಡಿಯಲ್ಲಿ ಯಾವ ಕಲ್ಲು ಅಂತ ಇಲ್ಲ. ಅಂತರ್ಜಲದ ಇಲಾಖೆಗಳು ತಾವು ಕೊರೆಸುವ ಪರೀಕ್ಷಾ ಬಾವಿಗಳ ಲೆಕ್ಕ ಇಡುತ್ತವೆ, ಅದನ್ನು ಇಲ್ಲ ಎನ್ನುವುದಿಲ್ಲ. ನಾನು ಹೇಳುತ್ತಿರುವುದು ರೈತ ಸಾಲ ಮಾಡಿ ಹಾಕಿಸುವ ಬೋರಿನ ಮಾತು. ಅದು ಫೇಲಾದರೆ ಬಾಯಿಗೆ ಒಂದು ಚಪ್ಪಡಿ, ಮನಸ್ಸಿಗೂ ಒಂದು ಚಪ್ಪಡಿ. ಎಷ್ಟೋ ಕಡೆ ಚಪ್ಪಡಿಯನ್ನೂ ಮುಚ್ಚುವುದಿಲ್ಲ. ಮಕ್ಕಳು ಬೀಳುವುದು ಅಂಥಲ್ಲೇ. ತೆರೆದ ಬೋರುಗಳನ್ನು ಹೇಗೆ ಮುಚ್ಚಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಎಣ್ಣೆ ರಿಗ್ಗಿನಲ್ಲಿ ಇದು ಪೂರ್ತಿ ಉಲ್ಟಾ. ಎಣ್ಣೆ ಸಿಕ್ಕಲಿ ಬಿಡಲಿ, ಬರೆಯುವುದು ತಪ್ಪುವುದಿಲ್ಲ. ನನ್ನ ಕೆಲಸವೇ ಬರೆಯುವುದಾಗಿತ್ತು.

ನಮ್ಮ ಬೋರ್ ಲಾರಿಯಲ್ಲಿ ಗಾಳಿ ಒತ್ತಿ ಕಲ್ಲಿನ ಪುಡಿಯನ್ನು ಮೇಲೆ ಊದುತ್ತಾರೆ. ಎಣ್ಣೆ ಬಾವಿಯಲ್ಲಿ ಗಾಳಿಯ ಬದಲು ಕೆಸರು. ಅದನ್ನೇ ಮಡ್ ಎನ್ನುವುದು. ನೀರಿಗೆ ಒಂದು ಜಾತಿಯ ಜೇಡಿ, ತೂಕ ಬರಲು ಬರೈಟ್ ಪುಡಿ ಕಲಸುತ್ತಾರೆ. ಅದು ಪೈಪಿನೊಳಗೆ ಇಳಿದು, ತುದಿಯಲ್ಲಿ ಕಲ್ಲು ಕೊರೆಯುವ ‘ಬಿಟ್’ನ ಬಾಯಿಂದ ಹೊರಬಿದ್ದು, ಕಲ್ಲಿನ ಚೂರನ್ನು ಹೊತ್ತುಕೊಂಡು ಪೈಪಿನ ಹೊರಗಿನ ಸಂದಿಯಲ್ಲಿ ಮೇಲೆ ಬರುತ್ತದೆ. ಬಿಟ್ಟನ್ನು ತಣ್ಣಗಿಡುವುದೂ ಅದೇ. ಕೆಳಗಿನ ಅನಿಲ ನುಗ್ಗಿ ಬರದಂತೆ ತೂಕ ಹಾಕಿ ಅದುಮಿಡುವುದೂ ಅದೇ. 3 ಕಿಲೋಮೀಟರ್ ಆಳದ ಚೂರು ಮೇಲೆ ಬರಲು ಒಂದು ಗಂಟೆಗೂ ಜಾಸ್ತಿ ಬೇಕು. ಅಂದರೆ ಈಗ ಜರಡಿ ಮೇಲೆ ಬಿದ್ದ ಚೂರು ಈಗಿನ ಆಳದ್ದಲ್ಲ. ಆ ತಡವನ್ನು ಲೆಕ್ಕ ಹಾಕಿ, ಇದು ಇಂಥ ಆಳದ ಚೂರು ಎಂದು ಚೀಟಿ ಅಂಟಿಸಬೇಕು. ಆ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ತಪ್ಪು.

ಚೂರನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಡುತ್ತೇವೆ. ಮರಳುಗಲ್ಲೋ, ಜೇಡಿಗಲ್ಲೋ, ಸುಣ್ಣದ ಕಲ್ಲೋ? ಒಂದು ತೊಟ್ಟು ಆಸಿಡ್ ಹಾಕಿದರೆ ಸುಣ್ಣದ ಕಲ್ಲು ಬುಸ್ ಎಂದು ನೊರೆ ಬಿಡುತ್ತದೆ. ಆಮೇಲೆ ಕಪ್ಪು ಡಬ್ಬಿಯೊಳಗೆ ನೇರಳಾತೀತ ದೀಪದ ಕೆಳಗೆ. ಎಣ್ಣೆ ಅಂಟಿದ್ದರೆ ಚೂರು ಹೊಳೆಯುತ್ತದೆ. ಭಾರದ ಎಣ್ಣೆ ಕಂದು, ಕಿತ್ತಳೆ. ಹಗುರದ್ದು ನೀಲಿ ಬಿಳುಪು. ಇದಕ್ಕೆ ರಿಗ್ಗಿನಲ್ಲಿ ‘ಷೋ’ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿ ಪಾಳಿಯಲ್ಲಿ ನನಗೆ ಭಾರಿ ಷೋ ಸಿಕ್ಕಿತು. ಎದ್ದೂ ಬಿದ್ದೂ ಓಡಿ ಹಿರಿಯ ಜಿಯಾಲಜಿಸ್ಟರನ್ನು ಎಬ್ಬಿಸಿದೆ. ಅವರು ಬಂದು, ಡಬ್ಬಿಗೆ ಇಣುಕಿ, ಪೈಪ್ ಜೋಡಿಸುವ ಕಡೆ ಹೋಗಿ ಒಂದು ಬೆರಳು ಗ್ರೀಸ್ ತಂದು ಅದೇ ದೀಪದ ಕೆಳಗೆ ಹಿಡಿದರು. ಅದೂ ಹಾಗೇ ಹೊಳೆಯಿತು. ಏನೂ ಅನ್ನದೆ ಹೋಗಿ ಮಲಗಿದರು. ನಾನು ಪುಸ್ತಕದಲ್ಲಿ ಬರೆದೆ: ‘ಗ್ರೀಸ್’. ಅದೂ ದಾಖಲೆಯೇ.

ಈಗ ಎಣ್ಣೆ ಎಲ್ಲಿರುತ್ತದೆ ಎಂದು ಸ್ವಲ್ಪ ಹೇಳದೆ ಮುಂದೆ ಹೋಗಲು ಆಗುವುದಿಲ್ಲ.

ನೆಲದಡಿ ಎಣ್ಣೆಯ ಕೆರೆ ಇರುವುದಿಲ್ಲ. ಸಾಂಬಾರಿನಲ್ಲಿ ನೆನೆದ ಇಡ್ಲಿಯಲ್ಲಿ ಸಾಂಬಾರು ಎಲ್ಲಿದೆ? ರಂಧ್ರಗಳಲ್ಲಿ. ಮರಳುಗಲ್ಲಿನಲ್ಲಿ ಎಣ್ಣೆ ಇರುವುದೂ ಹಾಗೆ. ಆದರೆ ಅದು ಹುಟ್ಟಿದ್ದು ಅಲ್ಲಲ್ಲ. ಹುಟ್ಟಿದ್ದು ಇನ್ನೂ ಕೆಳಗಿನ ಜೇಡಿಗಲ್ಲಿನಲ್ಲಿ. ಹಳೆಯ ಕಡಲಿನ, ಕೆರೆಯ ತಳಕ್ಕೆ ಪಾಚಿ, ಸೂಕ್ಷ್ಮ ಜೀವಿಗಳ ಹೆಣ ಬಿದ್ದು, ಕೆಸರು ಮುಚ್ಚಿ, ಕೋಟಿಗಟ್ಟಲೆ ವರ್ಷ ಆಳಕ್ಕೆ ಇಳಿದು ಬಿಸಿಯಾಗಿ ಎಣ್ಣೆಯಾಗುತ್ತದೆ. ಬಿಸಿ ಎಷ್ಟು ಬೇಕು? ಸುಮಾರು 60 ಡಿಗ್ರಿಯಿಂದ 120 ಡಿಗ್ರಿ, ಹೆಚ್ಚೆಂದರೆ 150. ಚಿಕ್ಕಮಗಳೂರಿನವರು ಇಲ್ಲಿ ಸುಮಾರು ಜನ ಇದ್ದೀರಿ, ನಿಮಗೆ ಸುಲಭವಾಗಿ ತಿಳಿಯುತ್ತದೆ. ಕಾಫಿ ಹುರಿದ ಹಾಗೆ. ಕಮ್ಮಿಯಾದರೆ ಹಸಿ ವಾಸನೆ. ಹದವಾದರೆ ಘಮ. ಜಾಸ್ತಿಯಾದರೆ ಮೊದಲು ಬರೀ ಅನಿಲ, ಆಮೇಲೆ ಇದ್ದಿಲು. ಇದು ಬರೀ ಹೋಲಿಕೆ ಅಂದುಕೊಳ್ಳಬೇಡಿ. ಆ ಕಲ್ಲಿನಲ್ಲಿ ಹಳೇ ಗಿಡಗಳ ಪರಾಗದ ಕಣಗಳು ಉಳಿದಿರುತ್ತವೆ. ಬಿಸಿ ಏರಿದ ಹಾಗೆ ಅವು ಹಳದಿಯಿಂದ ಕಂದು, ಕಂದಿನಿಂದ ಕಪ್ಪಾಗುತ್ತವೆ. ಕಲ್ಲು ಎಷ್ಟು ‘ಹುರಿದಿದೆ’ ಎಂದು ನಿಜವಾಗಿಯೂ ಬಣ್ಣ ನೋಡಿಯೇ ಹೇಳುವ ಪದ್ಧತಿ ಇದೆ.

ಹುಟ್ಟಿದ ಎಣ್ಣೆ ನೀರಿಗಿಂತ ಹಗುರ, ಮೇಲೆ ಹತ್ತುತ್ತದೆ. ದಾರಿಯಲ್ಲಿ ರಂಧ್ರದ ಕಲ್ಲು ಬೇಕು. ಅದರ ಮೇಲೆ ಬಿಗಿಯಾದ ಮುಚ್ಚಳದ ಕಲ್ಲು ಬೇಕು. ಆ ಪದರಗಳು ಕವುಚಿಟ್ಟ ಬೋಗುಣಿಯ ಹಾಗೆ ಬಾಗಿ ಎಣ್ಣೆ ತಪ್ಪಿಸಿಕೊಳ್ಳದಂತೆ ಹಿಡಿದಿರಬೇಕು. ಹುಟ್ಟುವ ಕಲ್ಲು, ಹೀರುವ ಕಲ್ಲು, ಮುಚ್ಚುವ ಕಲ್ಲು, ಹಿಡಿಯುವ ಆಕಾರ. ನಾಲ್ಕರಲ್ಲಿ ಒಂದು ಕೈಕೊಟ್ಟರೂ ಬಾವಿ ಡ್ರೈ.

ಒಂದು ಸಣ್ಣ ಗುಣಾಕಾರ ಮಾಡೋಣ. ಹುಟ್ಟುವ ಕಲ್ಲು ಇರುವ ನಂಬಿಕೆ ನೂರಕ್ಕೆ 80 ಎನ್ನಿ. ಹೀರುವ ಕಲ್ಲು 70. ಆಕಾರ 60. ಮುಚ್ಚಳ 70. ಒಂದೊಂದನ್ನೂ ನೋಡಿದರೆ ಪರವಾಗಿಲ್ಲ, ಪಾಸ್ ಮಾರ್ಕೇ. ನಾಲ್ಕನ್ನೂ ಗುಣಿಸಿದರೆ ಎಷ್ಟು ಗೊತ್ತಾ? ನೂರಕ್ಕೆ ಇಪ್ಪತ್ತಮೂರೂವರೆ. ಅಂದರೆ ಇಷ್ಟು ಒಳ್ಳೆಯ ಜಾಗಗಳನ್ನು ಆರಿಸಿಕೊಂಡು ನಾಲ್ಕು ಬಾವಿ ಕೊರೆದರೂ ಮೂರು ಫೇಲಾಗುವುದೇ ಸಹಜ. ನನ್ನ ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇದು.

ಕೊರೆಯುವ ಮೊದಲು ನೋಡುವುದಿಲ್ಲವಾ ಎಂದು ಕೇಳಬಹುದು. ನೋಡುತ್ತಾರೆ, ಕೇಳುತ್ತಾರೆ ಎನ್ನಬೇಕು. ನಮ್ಮ ಕಡೆ ಅಟ್ಟದ ಮೇಲಿನ ಕಾಯಿಯನ್ನು ಕಿವಿ ಹತ್ತಿರ ಆಡಿಸಿ, ಲೊಡ ಲೊಡ ಎಂದರೆ ಕೊಬ್ಬರಿ ಆಗಿದೆ ಎನ್ನುತ್ತೇವೆ. ಹಾಗೇ ನೆಲಕ್ಕೆ ಶಬ್ದ ಬಿಟ್ಟು ಮರುದನಿ ಹಿಡಿದು ಪದರಗಳ ಚಿತ್ರ ಬರೆಯುತ್ತಾರೆ. ಅದು ಸೈಸ್ಮಿಕ್ ಸರ್ವೆ. ಬೋಗುಣಿಯ ಆಕಾರ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಬೋಗುಣಿಯಲ್ಲಿ ಎಣ್ಣೆ ಇದೆಯೋ ನೀರಿದೆಯೋ ಎನ್ನುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಕೊನೆಗೂ ಕೊರೆದೇ ನೋಡಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1859ರಲ್ಲಿ ಡ್ರೇಕ್ ಎಂಬಾತ ಕೊರೆಸಿದ ಹೆಸರುವಾಸಿ ಬಾವಿಗೆ 21 ಮೀಟರ್ ಆಳ ಸಾಕಾಯಿತು. ನಮ್ಮ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಸಿಕ್ಕಿತು. ಆ ಕಾಲ ಮುಗಿಯಿತು. ಈಗ ಆಳ ಕಡಲಿನ ಒಂದೊಂದು ಬಾವಿಗೆ ನೂರಾರು ಕೋಟಿ ರೂಪಾಯಿ ಹೋಗುತ್ತದೆ.

ದುಡ್ಡಿನ ಮಾತು ಬಂತಲ್ಲ, ಮಕ್‌ಲಕ್ ಎಂಬ ಬಾವಿಯ ಕಥೆ ಹೇಳಿಬಿಡುತ್ತೇನೆ. ಅಲಾಸ್ಕಾದ ಉತ್ತರದ ಕಡಲು, 1983. ಸೈಸ್ಮಿಕ್ ಚಿತ್ರದಲ್ಲಿ ಬೋಗುಣಿ ಅಂದರೆ ಬೋಗುಣಿ, ಅಷ್ಟು ದೊಡ್ಡದು. ಹತ್ತಿರದಲ್ಲೇ ಅಮೆರಿಕದ ದೊಡ್ಡ ಎಣ್ಣೆ ಜಾಗವೂ ಇತ್ತು. ಕಂಪನಿಗಳು ಪೈಪೋಟಿಯಲ್ಲಿ ಹರಾಜು ಕೂಗಿದವು. ಮಂಜಿನ ಕಡಲಲ್ಲಿ ಜಲ್ಲಿ ಸುರಿದು ದ್ವೀಪವನ್ನೇ ಕಟ್ಟಿ ಕೊರೆದರು. ಹರಾಜಿನ ದುಡ್ಡೂ ಸೇರಿ 150 ಕೋಟಿ ಡಾಲರಿಗೂ ಜಾಸ್ತಿ ಹೋಯಿತು. ಬಂದದ್ದು ಉಪ್ಪು ನೀರು. ಆದರೆ ಮೇಲೆ ಬಂದ ಚೂರುಗಳಲ್ಲಿ ಎಣ್ಣೆಯ ಕಲೆ ಇತ್ತು! ಎಣ್ಣೆ ಅಲ್ಲಿ ಒಂದು ಕಾಲದಲ್ಲಿ ತುಂಬಿತ್ತು, ಯಾವಾಗಲೋ ಸೋರಿ ಹೋಗಿತ್ತು. ಜಾಗ ಸರಿ, ಕಾಲ ತಪ್ಪು, ಅದೂ ಕೋಟಿಗಟ್ಟಲೆ ವರ್ಷದ ತಪ್ಪು. ನಮ್ಮ ಕಡೆ ಬೋರ್ ಫೇಲಾದರೆ ಪಾಯಿಂಟ್ ನೋಡಿದವರನ್ನು ಬೈಯುತ್ತೇವೆ. ಇಲ್ಲಿ ಯಾರನ್ನು ಬೈಯುವುದು?

ಇನ್ನೊಂದು ಕಥೆ ನಾರ್ವೆಯದೇ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಇಲ್ಲಿ ನನ್ನ ಮಾತಿನ ತಿರುಳಿದೆ. ನಾರ್ವೆಯ ಕಡಲಲ್ಲಿ ಮೊದಲ ಬಾವಿ ಶುರುವಾದದ್ದು 1966ರ ಬೇಸಿಗೆಯಲ್ಲಿ. ಡ್ರೈ. ಆಮೇಲೆ ಒಂದರ ಹಿಂದೆ ಒಂದು. ಅಲ್ಲೊಂದು ಇಲ್ಲೊಂದು ಕಡೆ ಎಣ್ಣೆಯ ಸುಳಿವು ಸಿಕ್ಕಿತು, ಆಗಿನ ಲೆಕ್ಕಕ್ಕೆ ದುಡ್ಡು ಹುಟ್ಟುವಷ್ಟಲ್ಲ. ಹೀಗೆ 30ಕ್ಕೂ ಹೆಚ್ಚು ಬಾವಿ ಆದವು. ಫಿಲಿಪ್ಸ್ ಎಂಬ ಕಂಪನಿ ಸಾಕಪ್ಪಾ ಎಂದು ಹೊರಡುವ ಯೋಚನೆಯಲ್ಲಿತ್ತು. ರಿಗ್ಗಿನ ಬಾಡಿಗೆ ಹೇಗೂ ಕಟ್ಟಲೇಬೇಕು, ಸುಮ್ನೆ ನಿಲ್ಲಿಸುವ ಬದಲು ಇನ್ನೊಂದು ಕೊರೆಯೋಣ ಎಂದರು. 1969ರಲ್ಲಿ ಎಕೋಫಿಸ್ಕ್ ಎಂಬ ಎಣ್ಣೆ ಕ್ಷೇತ್ರ ಸಿಕ್ಕಿತು. ಆ ದೇಶದ ಹಣೆಬರಹವೇ ಬದಲಾಯಿತು.

ಇದು ಎಲ್ಲರೂ ಹೇಳುವ ಕಥೆ, ಛಲ ಬಿಡದಿದ್ದರೆ ಫಲ ಅಂತ ಶಾಲೆಯಲ್ಲಿ ಹೇಳಲು ಚೆನ್ನಾಗಿದೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು 2010ರದ್ದು. ಅದೇ ಕಡಲಲ್ಲಿ ಒಂದು ಜಾಗದ ಸುತ್ತಮುತ್ತ 1960ರ ದಶಕದಿಂದಲೂ ಕೊರೆದಿದ್ದರು. ದೊಡ್ಡದೇನೂ ಸಿಕ್ಕಿರಲಿಲ್ಲ. ಅಲ್ಲಿ ಏನಿಲ್ಲ ಬಿಡಿ ಎಂದು ದೊಡ್ಡವರೆಲ್ಲ ಕೈಬಿಟ್ಟ ಜಾಗ ಅದು. ಲುಂಡಿನ್ ಎಂಬ ಸಣ್ಣ ಕಂಪನಿಯವರು ಹಳೇ ಬಾವಿಗಳ ದಾಖಲೆ ಮತ್ತೆ ಬಿಡಿಸಿ ಕೂತರು. ಎಣ್ಣೆ ಈ ದಾರಿಯಲ್ಲಿ ಬಂದಿರಬಹುದು ಎಂದು ಬೇರೆ ಥರ ಯೋಚಿಸಿದರು. ಕೊರೆದರು. ಸಿಕ್ಕಿದ್ದು ಯೋಹಾನ್ ಸ್ವೆರ್ಡ್ರುಪ್ ಎಂಬ ಎಣ್ಣೆ ಕ್ಷೇತ್ರ, ಸುಮಾರು 270 ಕೋಟಿ ಬ್ಯಾರಲ್. ಒಂದು ಬ್ಯಾರಲ್ ಅಂದರೆ 159 ಲೀಟರ್, ಗುಣಿಸಿಕೊಳ್ಳಿ. 2019ರ ಅಕ್ಟೋಬರಿನಲ್ಲಿ ಎಣ್ಣೆ ತೆಗೆಯಲು ಶುರು ಮಾಡಿದರು.

ಇದು ಹೇಗೆ ಸಾಧ್ಯವಾಯಿತು? ನಾರ್ವೆಯಲ್ಲಿ ಬಾವಿಯ ಮೂಲ ಮಾಹಿತಿಯನ್ನು ಕಂಪನಿ 2 ವರ್ಷ ಗುಟ್ಟಾಗಿ ಇಟ್ಟುಕೊಳ್ಳಬಹುದು. ಆಮೇಲೆ ಅದು ಎಲ್ಲರದ್ದು. ಕಲ್ಲಿನ ಚೂರುಗಳೂ ಸ್ಟಾವಂಗರ್ ಊರಿನ ಉಗ್ರಾಣದಲ್ಲಿ ಸಾಲಾಗಿ ಇವೆ. ಡ್ರೈ ಬಾವಿಯ ಚೂರು, ಎಣ್ಣೆ ಬಾವಿಯ ಚೂರು, ಎರಡಕ್ಕೂ ಒಂದೇ ಥರದ ಡಬ್ಬಿ. ನಮ್ಮ ಪಕ್ಕದ ತೋಟದವರು ಬೇಲಿಯ ಮೇಲೆ ಒಂದು ಹಲಗೆ ಹಾಕಿ ‘ಇಲ್ಲಿ ಇಂತಿಷ್ಟು ಅಡಿ, ನೀರಿಲ್ಲ, ಇಂಥ ಕಲ್ಲು’ ಎಂದು ಬರೆದಿಟ್ಟ ಹಾಗೆ.

ನಮ್ಮ ದೇಶದ ಕಡೆ ಬರೋಣ. ಎಣ್ಣೆ ಇರಬಹುದಾದ ಮಣ್ಣುಪದರಗಳ ತಗ್ಗುಗಳು ಭಾರತದಲ್ಲಿ 26, ನೆಲ ಕಡಲು ಎರಡೂ ಸೇರಿ ಸುಮಾರು 33 ಲಕ್ಷ ಚದರ ಕಿಲೋಮೀಟರ್. ಅಸ್ಸಾಂ, ಗುಜರಾತಿನ ಖಂಭಾತ್, ಮುಂಬೈ ಕಡಲು, ರಾಜಸ್ಥಾನ, ಕೃಷ್ಣಾ ಗೋದಾವರಿ, ಕಾವೇರಿ ಮುಖಜ ಭೂಮಿ, ಇಷ್ಟೇ ಬಹುಪಾಲು ಕೊಡುತ್ತಿರುವುದು. 2020ರಲ್ಲಿ ಬಂಗಾಳದ ಅಶೋಕನಗರ ಸೇರಿತು. ಹುಡುಕಾಟದ ಮೇಲ್ವಿಚಾರಣೆಗೆ 1993ರಲ್ಲಿ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ಬಂತು. ಹಳೇ ಬಾವಿಗಳ, ಸರ್ವೆಗಳ ಮಾಹಿತಿಯನ್ನೆಲ್ಲ ಒಂದೇ ಕಡೆ ಕೂಡಿಡುವ ರಾಷ್ಟ್ರೀಯ ಭಂಡಾರ ಆಮೇಲೆ ಆಯಿತು. ತಡವಾಗಿ ಬಂತು ಎನ್ನುವುದು ನನ್ನ ದೂರು. ಬಂತಲ್ಲ ಎನ್ನುವುದು ಸಮಾಧಾನ.

ರಾಜಸ್ಥಾನದ ಬಾರ್ಮೇರಿನಲ್ಲಿ 2004ರಲ್ಲಿ ಸಿಕ್ಕಿದ ಮಂಗಳಾ ಕ್ಷೇತ್ರದ ಕಥೆಯೂ ಇದೇ ಜಾತಿಯದು. ದೊಡ್ಡ ಕಂಪನಿಯೊಂದು ತನ್ನ ಪಾಲು ಮಾರಿ ಹೋದ ಜಾಗ. ಉಳಿದ ಕೇರ್ನ್ ಕಂಪನಿಗೆ ಸಿಕ್ಕಿತು. ಆ ಎಣ್ಣೆಯಲ್ಲಿ ಮೇಣದ ಅಂಶ ಜಾಸ್ತಿ. ನಮ್ಮ ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಬಾಟಲಿಯೊಳಗೆ ಗಟ್ಟಿಯಾಗುತ್ತದಲ್ಲ, ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಗುಜರಾತಿನ ತನಕ ಕೊಳವೆಯನ್ನು ದಾರಿಯುದ್ದಕ್ಕೂ ಬಿಸಿ ಮಾಡುತ್ತಾ ಸಾಗಿಸುತ್ತಾರೆ.

ಇನ್ನು ವರ್ಷದ ಲೆಕ್ಕವನ್ನು ಓದುವ ಬಗೆ. ಪೇಪರಿನಲ್ಲಿ ‘ಭಾರಿ ನಿಕ್ಷೇಪ ಪತ್ತೆ’ ಎಂದು ಬಂದಾಗ ನೀವು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ.

ಆಗ 57 ಬಾವಿ, 17 ಕಡೆ ಸಿಕ್ಕಿತು ಎಂದೆ. ಉಳಿದ 40 ಫೇಲ್ ಎಂದು ಮನಸ್ಸಿನಲ್ಲೇ ಕಳೆದುಬಿಟ್ಟಿರಿ ತಾನೇ? ಅದು ತಪ್ಪು. ಹುಡುಕಾಟದ ಬಾವಿಯಲ್ಲಿ ಎರಡು ಜಾತಿ. ಹೊಸ ಜಾಗದಲ್ಲಿ ಮೊದಲ ಸಲ ಕೊರೆಯುವುದು ಒಂದು. ಈಗಾಗಲೇ ಸಿಕ್ಕಿದ ಜಾಗದಲ್ಲಿ ಎಷ್ಟು ದೂರ ಹಬ್ಬಿದೆ ಎಂದು ಅಳೆಯಲು ಕೊರೆಯುವುದು ಇನ್ನೊಂದು. ಅಳತೆಯ ಬಾವಿಯಲ್ಲಿ ಎಣ್ಣೆ ಕಂಡರೂ ಅದನ್ನು ಹೊಸ ಪತ್ತೆ ಎಂದು ಎಣಿಸುವುದಿಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಎಣಿಸಿದರೆ ಲೆಕ್ಕ ಕೆಡುತ್ತದೆ. ಮತ್ತೆ, ನವೆಂಬರಿನಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿದ ಬಾವಿ ಯಾವ ವರ್ಷದ್ದು? ಶುರುವಾದದ್ದನ್ನು ಎಣಿಸುವವರಿದ್ದಾರೆ, ಮುಗಿದದ್ದನ್ನು ಎಣಿಸುವವರಿದ್ದಾರೆ. ಎರಡು ವರದಿಯ ಅಂಕಿ ಹೊಂದದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ಅಲ್ಲ.

‘ಪತ್ತೆ’ ಬೇರೆ, ‘ತೆಗೆದರೆ ಗಿಟ್ಟುತ್ತದೆ’ ಬೇರೆ. ನೆಲದಡಿ ಇರುವ ಎಣ್ಣೆಯಲ್ಲಿ ಮೇಲೆ ಬರುವುದು ಒಂದು ಪಾಲು ಮಾತ್ರ. ಇಡ್ಲಿ ಹಿಂಡಿದರೆ ಸಾಂಬಾರು ಪೂರ್ತಿ ಬರುತ್ತದಾ? ಕೃಷ್ಣಾ ಗೋದಾವರಿ ಕಡಲಿನ ಡಿ6 ನೆನಪಿಸಿಕೊಳ್ಳಿ. 2002ರಲ್ಲಿ ರಿಲಯನ್ಸಿಗೆ ಅನಿಲ ಸಿಕ್ಕಿದಾಗ ದೇಶವೇ ಕುಣಿಯಿತು. 2009ರಲ್ಲಿ ತೆಗೆಯಲು ಶುರು ಮಾಡಿದರು. ದಿನಕ್ಕೆ 8 ಕೋಟಿ ಘನ ಮೀಟರಿನ ನಿರೀಕ್ಷೆ. 2010ರಲ್ಲಿ 6 ಕೋಟಿ ದಾಟಿತು, ಆಮೇಲೆ ಇಳಿಯುತ್ತಲೇ ಹೋಯಿತು. ಬಾವಿಗೆ ನೀರು ನುಗ್ಗಿತು, ಮರಳು ನುಗ್ಗಿತು, ಕಲ್ಲಿನ ಪದರ ಅಂದುಕೊಂಡದ್ದಕ್ಕಿಂತ ಸಿಕ್ಕು ಸಿಕ್ಕಾಗಿತ್ತು. ಇದೆ ಎಂದಿದ್ದ ಲೆಕ್ಕವನ್ನೇ ಇಳಿಸಬೇಕಾಯಿತು. ಅದಕ್ಕೇ ಒಂದೇ ಅಂಕಿ ಹೇಳುವ ವರದಿಯನ್ನು ನಾನು ನಂಬುವುದಿಲ್ಲ. ಕಮ್ಮಿ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು ಎಂದು ಎರಡೂ ತುದಿ ಹೇಳುವವರು ಕೆಲಸ ಗೊತ್ತಿದ್ದವರು.

ಗೆಲುವಿನ ಪ್ರಮಾಣ ಜಾಸ್ತಿ ಕಂಡರೂ ತಕ್ಷಣ ಚಪ್ಪಾಳೆ ಬೇಡ. ಹಳೇ ಎಣ್ಣೆ ಬಾವಿಯ ಪಕ್ಕದಲ್ಲೇ ಕೊರೆದರೆ ಸಿಗುವ ಸಂಭವ ಜಾಸ್ತಿ, ಸಿಗುವುದು ಸ್ವಲ್ಪ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರು ಕಾಫಿ ಹೆಕ್ಕಿದ ಹಾಗೆ. ನಾರ್ವೆಯಲ್ಲಿ ಈಚೆಗೆ ಸಿಗುತ್ತಿರುವುದರಲ್ಲಿ ಬಹಳಷ್ಟು ಇಂಥ ಸಣ್ಣವೇ. ಕೊಳವೆ ಹತ್ತಿರವೇ ಇರುವುದರಿಂದ ಅವರಿಗೆ ಅದೂ ಲಾಭವೇ, ಬಿಡಿ. ಇನ್ನು ಕಂಪನಿಗಳ ವರ್ಷದ ಜಮಾ ಖರ್ಚಿನಲ್ಲಿ ಡ್ರೈ ಬಾವಿಗೆ ಹಾಕಿದ ದುಡ್ಡನ್ನು ಖರ್ಚು ಬರೆದು ಕೈತೊಳೆದುಕೊಳ್ಳುವ ಒಂದು ಸಾಲು ಇರುತ್ತದೆ. ಷೇರು ಇಟ್ಟುಕೊಂಡವರು ಲಾಭದ ಸಾಲಿಗಿಂತ ಮೊದಲು ಅದನ್ನು ನೋಡಿ. ಎಷ್ಟು ಧೈರ್ಯವಾಗಿ ಹುಡುಕುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ನನ್ನ ಮಾತು ಇಷ್ಟೇ. ಇನ್ನು ಪ್ರಶ್ನೆಗಳು.

ಮೊದಲನೆಯದು ನಾನು ಕಾಯುತ್ತಿದ್ದದ್ದೇ. “ಹಾಸನದಲ್ಲಿ ಎಣ್ಣೆ ಇದೆಯಾ ಸಾರ್?”

ಇಲ್ಲ. ಗೊರೂರಿನ ಸುತ್ತ ಕಾಣುವ ಕಲ್ಲಿನ ವಯಸ್ಸು ಸುಮಾರು 330 ಕೋಟಿ ವರ್ಷ. ದೇಶದ ತುಂಬ ಹಳೇ ಕಲ್ಲುಗಳಲ್ಲಿ ಒಂದು. ಬಾಂಬೆ ಹೈ ಎಣ್ಣೆ ಹುಟ್ಟಿದ ಜೇಡಿಗಲ್ಲಿಗೆ ಐದಾರು ಕೋಟಿ ವರ್ಷ, ನಮ್ಮ ಕಲ್ಲಿನ ಮುಂದೆ ನಿನ್ನೆ ಹುಟ್ಟಿದ ಮಗು. ನಮ್ಮದು ಎಣ್ಣೆಯ ಹದ ದಾಟಿ ಎಷ್ಟೋ ನೂರು ಡಿಗ್ರಿ ಬೆಂದ ಕಲ್ಲು. ಹುರಿದದ್ದಲ್ಲ, ಕರಕಲು. ರಂಧ್ರವೂ ಇಲ್ಲ. ಅದಕ್ಕೇ ನಮ್ಮ ಬೋರಿನಲ್ಲಿ ನೀರು ಸಿಗುವುದು ಬಿರುಕು ಸಿಕ್ಕರೆ ಮಾತ್ರ. ಆ ಬೆಂದ ಕಲ್ಲಿನಿಂದಲೇ ಹಳೇಬೀಡು ಆಯಿತು, ನುಗ್ಗೇಹಳ್ಳಿ ಕಡೆ ಕ್ರೋಮೈಟ್ ಸಿಕ್ಕಿತು, ಕುದುರೆಮುಖದಲ್ಲಿ ಕಬ್ಬಿಣ. ಎಲ್ಲವನ್ನೂ ಒಬ್ಬರಿಗೇ ಕೊಡುವುದಿಲ್ಲ.

ಬೇಲೂರು ಕಡೆಯ ಒಬ್ಬರು ಎದ್ದರು. “ನಮ್ಮ ಗದ್ದೆ ಮೂಲೆ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ತೇಲುತ್ತೆ. ಇಲ್ಲ ಅಂತೀರಲ್ಲ?”

ಒಂದು ಕಡ್ಡಿ ತೆಗೆದುಕೊಂಡು ಆ ಪೊರೆಯನ್ನು ಚುಚ್ಚಿ ನೋಡಿ ಎಂದೆ. ಒಡೆದ ಗಾಜಿನ ಹಾಗೆ ಚೂರು ಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಸುತ್ತ ಕೆಂಪು ರಾಡಿಯೂ ಇರುತ್ತದೆ. ಎಣ್ಣೆಯಾದರೆ ಚುಚ್ಚಿದ ಜಾಗ ಮತ್ತೆ ಕೂಡಿಕೊಳ್ಳುತ್ತದೆ. ಕೂಡಿಕೊಂಡರೂ ಕುಣಿಯಬೇಡಿ, ಮೊದಲು ಟ್ರ್ಯಾಕ್ಟರ್ ಎಲ್ಲಿ ತೊಳೆದಿರಿ ನೋಡಿ.

ಕಾಲೇಜಿನ ಹುಡುಗಿ ಒಬ್ಬಳು ಕೇಳಿದ್ದು ನಿಜವಾಗಿಯೂ ಕಷ್ಟದ ಪ್ರಶ್ನೆ. ಭೂಮಿ ಬಿಸಿಯಾಗುತ್ತಿರುವಾಗ ಇನ್ನೂ ಹುಡುಕುವುದು ಯಾಕೆ? 2021ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಇದೇ ಮಾತು ಎತ್ತಿತ್ತು. 2050ರೊಳಗೆ ಹೊಗೆಯ ಲೆಕ್ಕ ಸೊನ್ನೆಗೆ ತರುವ ದಾರಿ ಹಿಡಿದರೆ ಹೊಸ ಎಣ್ಣೆ ಕ್ಷೇತ್ರಗಳು ಬೇಕಾಗುವುದಿಲ್ಲ ಎಂದಿತ್ತು. ಇತ್ತ ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿಂದ ತರುತ್ತೇವೆ. ನನಗೆ ಎರಡು ಮನಸ್ಸು. ಆ ಕೆಲಸದಲ್ಲಿ ಅನ್ನ ತಿಂದವನು, ನನ್ನ ಮಾತನ್ನು ಸ್ವಲ್ಪ ರಿಯಾಯಿತಿ ಹಾಕಿ ಕೇಳು ಎಂದೆ. ಅವಳಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಹಾಸನದಲ್ಲಿ ಎಣ್ಣೆ ಹುಟ್ಟದಿದ್ದರೂ ಹರಿಯುತ್ತದೆ ಎಂದು ಆಗ ಹೇಳಿದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ಲಿನ ಕೊಳವೆ 2003ರ ಸುಮಾರಿಗೆ ಬಂತು. ಆಮೇಲೆ ಅಡುಗೆ ಅನಿಲದ ಕೊಳವೆಗಳೂ ಇಲ್ಲಿಂದ ಹೊರಟವು. ಅತ್ತ ಕರಾವಳಿಯಲ್ಲಿ ಮಂಗಳೂರು, ಪಾದೂರಿನಲ್ಲಿ ಗಟ್ಟಿ ಬಂಡೆಯೊಳಗೆ ಗುಹೆ ಕೊರೆದು ಆಪತ್ಕಾಲಕ್ಕೆಂದು ಕಚ್ಚಾ ತೈಲ ತುಂಬಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವಷ್ಟು ಜಾಗ. ಸುತ್ತಲಿನ ಬಿರುಕುಗಳಲ್ಲಿ ನೀರಿನ ಒತ್ತಡ ಕಾಯ್ದುಕೊಂಡು ಎಣ್ಣೆ ಆಚೆ ಸೋರದಂತೆ ಹಿಡಿದಿದ್ದಾರೆ. ಎಣ್ಣೆ ಹುಟ್ಟಿಸಲಾರದ ಕಲ್ಲಿನಲ್ಲಿ ಎಣ್ಣೆ ಬಚ್ಚಿಡುವ ಉಪಾಯ.

ಕೊಳವೆ ಎಂದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು ಯಜಮಾನರು ಕೈ ಎತ್ತಿದರು. ಅವರ ಜಮೀನಿನಲ್ಲೇ ಕೊಳವೆಯ ಗುರುತಿನ ಕಲ್ಲು ಇದೆಯಂತೆ. “ಅಲ್ಲಿ ಬೋರ್ ಹಾಕಿಸಬಹುದಾ?”

ಆಗುವುದಿಲ್ಲ ಎಂದೆ. ಎಣ್ಣೆ ಕೊಳವೆಗಳ 1962ರ ಕಾಯ್ದೆ ಪ್ರಕಾರ ನೆಲ ನಿಮ್ಮದೇ, ಬಳಕೆಯ ಹಕ್ಕು ಮಾತ್ರ ಕೊಳವೆಯವರದು. ಕೊಳವೆ ಹಾದುಹೋದ ಆ ಪಟ್ಟಿ ನೆಲದಲ್ಲಿ ರಾಗಿ ಬೆಳೆಯಿರಿ, ಜೋಳ ಬೆಳೆಯಿರಿ. ಮನೆ ಕಟ್ಟುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ.

“ಹೋಗ್ಲಿ ಬಿಡಿ, ಅಲ್ಲಿ ನೀರೂ ಇಲ್ಲ. ಪೈಪ್ ಬರೋಕೆ ಮುಂಚೆನೇ ನಮ್ಮಪ್ಪ ಅಲ್ಲೊಂದು ಹಾಕ್ಸಿ ಫೇಲ್ ಆಗಿತ್ತು.”

ಎಷ್ಟು ಅಡಿ ಹೋಗಿದ್ದರು ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಅಪ್ಪ ಇದ್ದಿದ್ರೆ ಹೇಳೋರು.”